ಕ್ಯಾಮೆರಾಕ್ಕೆ ಬಾಗಿಲು ತೆರೆದವರು

1945ರ ನವೆಂಬರ್ 21ರಂದು ಸಿಡ್ನಿಯಲ್ಲಿ ಯೋರಿಸ್ ಈವೆನ್ಸ್ ಪತ್ರಕರ್ತರನ್ನು ಕರೆಸಿ, ಡಚ್ ಈಸ್ಟ್ ಇಂಡೀಸ್ ಸರ್ಕಾರದ ಚಲನಚಿತ್ರ ಆಯುಕ್ತನ ಹುದ್ದೆಗೆ ರಾಜೀನಾಮೆ ಕೊಟ್ಟಿರುವುದಾಗಿ ಹೇಳಿದರು. ಆಗ ಅವರಿಗೆ 47 ವರ್ಷ. ಹಾಲೆಂಡ್, ಸೋವಿಯತ್ ರಷ್ಯಾ, ಬೆಲ್ಜಿಯಂ, ಸ್ಪೇನ್, ಚೀನಾ, ಅಮೆರಿಕ, ಕೆನಡಾಗಳಲ್ಲಿ ಅಷ್ಟರೊಳಗೆ ಸಾಕ್ಷ್ಯಚಿತ್ರ ಮಾಡಿದ್ದರು. ಮುಂದೆ ನಾಲ್ಕು ದಶಕಗಳ ಕೆಲಸ ಇನ್ನೂ ಬಾಕಿಯಿತ್ತು. ಇಷ್ಟು ದೇಶ ಸುತ್ತಿ, ಇಷ್ಟು ಹೋರಾಟಗಳ ನಡುವೆ ಕ್ಯಾಮೆರಾ ಹೂಡಿದ ಮತ್ತೊಬ್ಬ ಸಾಕ್ಷ್ಯಚಿತ್ರಕಾರ ಇಪ್ಪತ್ತನೇ ಶತಮಾನದಲ್ಲಿ ಸಿಗುವುದು ಕಷ್ಟ. ಅವರ ಬಗ್ಗೆ ಎರಡು ಸಿದ್ಧ ಮಾತುಗಳಿವೆ. ಮೆಚ್ಚುವವರು ಅವರನ್ನು ಶತಮಾನದ ಆತ್ಮಸಾಕ್ಷಿ ಎನ್ನುತ್ತಾರೆ. ಮೆಚ್ಚದವರಿಗೆ ಅವರು ಕಮ್ಯುನಿಸ್ಟ್ ಪಕ್ಷದ ಛಾಯಾಗ್ರಾಹಕ. ಇಬ್ಬರೂ ಆ ಮನುಷ್ಯನ ನಂಬಿಕೆಯೊಳಗೆ ಇಣುಕಿ ಚಿತ್ರಗಳಿಗೆ ಬೆಲೆ ಕಟ್ಟುತ್ತಾರೆ. ನನಗೆ ಕಾಣುವುದು ಬೇರೆ. ಈವೆನ್ಸ್ ನಂಬಿಕೆ ಮೂವತ್ತರ ದಶಕದಿಂದ ಎಪ್ಪತ್ತರ ದಶಕದವರೆಗೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಚಿತ್ರದಿಂದ ಚಿತ್ರಕ್ಕೆ ಬದಲಾದದ್ದು, ಯಾರ ಅನುಮತಿಯಿಂದ ಕ್ಯಾಮೆರಾ ಒಳಗೆ ಹೋಯಿತು ಎಂಬುದು. ಪರದೇಶದಲ್ಲಿ ಚಿತ್ರ ಮಾಡುವವನ ವೃತ್ತಿಚರಿತ್ರೆಯನ್ನು ಈ ಅನುಮತಿಗಳ ಚರಿತ್ರೆಯಾಗಿ ಓದಿದರೆ, ನಂಬಿಕೆಯ ಜಗಳದಲ್ಲಿ ಮರೆಯಾದ ಎಷ್ಟೋ ಸಂಗತಿ ತಾನಾಗಿ ಎದ್ದು ಕಾಣುತ್ತದೆ.

ಈವೆನ್ಸ್ ಹುಟ್ಟಿದ್ದು 1898ರಲ್ಲಿ, ಹಾಲೆಂಡಿನ ನೈಮೇಗನ್ ಊರಿನಲ್ಲಿ. ತಂದೆಯದು ಕ್ಯಾಮೆರಾ ಮತ್ತು ಛಾಯಾಗ್ರಹಣ ಸಾಮಗ್ರಿಯ ವ್ಯಾಪಾರ. ಮಗ ಮುಂದೆ ಅಂಗಡಿ ನೋಡಿಕೊಳ್ಳಲಿ ಎಂದು ಬರ್ಲಿನ್‌ಗೆ ಕಳಿಸಿ ಛಾಯಾಗ್ರಹಣದ ತಾಂತ್ರಿಕ ವಿದ್ಯೆ ಕಲಿಸಿದರು. ಅಂಗಡಿಯ ಮಗನಾದದ್ದರಿಂದ ಉಪಕರಣಕ್ಕೆ ಬರವಿರಲಿಲ್ಲ. ಹದಿಮೂರರ ವಯಸ್ಸಿಗೇ ಮನೆಯವರಿಗೆ ವೇಷ ಹಾಕಿಸಿ ಪುಟ್ಟ ಚಿತ್ರವೊಂದನ್ನು ಮಾಡಿದ್ದರು. 1927ರಲ್ಲಿ ಸೋವಿಯತ್ ನಿರ್ದೇಶಕ ಪುದೋವ್‌ಕಿನ್‌ನ 'ತಾಯಿ' ಚಿತ್ರದ ಸಾರ್ವಜನಿಕ ಪ್ರದರ್ಶನಕ್ಕೆ ತಡೆ ಬಿದ್ದಾಗ, ಆಮ್‌ಸ್ಟರ್‌ಡ್ಯಾಮಿನ ಕಲಾವಿದರು ಅದನ್ನು ಖಾಸಗಿಯಾಗಿ ತೋರಿಸಿದರು. ಆ ಗುಂಪೇ ಮುಂದೆ ಫಿಲ್ಮ್‌ಲಿಗ ಎಂಬ ಸಂಘವಾಯಿತು. ಈವೆನ್ಸ್ ಅದರಲ್ಲಿ ಮೊದಲಿನಿಂದಲೂ ಇದ್ದರು. ಸಾರ್ವಜನಿಕವಾಗಿ ತೋರಿಸಲಾಗದ್ದನ್ನು ಸಂಘದ ಸದಸ್ಯರಿಗೆ ತೋರಿಸಬಹುದು ಎಂಬ ಈ ಉಪಾಯ ಅವರ ಮೊದಲ ಪಾಠ. ಮರುವರ್ಷ ರಾಟರ್‌ಡ್ಯಾಮಿನ ಮೇಲೇಳುವ ರೈಲ್ವೆ ಸೇತುವೆಯ ಮೇಲೆ 'ಸೇತುವೆ', 1929ರಲ್ಲಿ ಮಾನ್ನುಸ್ ಫ್ರಾಂಕನ್ ಜೊತೆ 'ಮಳೆ' ಬಂದವು. 'ಮಳೆ'ಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಬೀದಿ, ಕಾಲುವೆ, ಕೊಡೆ, ಟ್ರಾಮಿನ ಕಿಟಕಿಯ ಮೇಲೆ ಜಾರುವ ಹನಿ, ಇಷ್ಟೇ. ತಿಂಗಳುಗಟ್ಟಲೆ ಕಾದು ಹಿಡಿದ ಹಲವು ಮಳೆಗಳನ್ನು ಹನ್ನೆರಡು ನಿಮಿಷದ ಒಂದೇ ಮಳೆಯಾಗಿ ಹೊಂದಿಸಿದ್ದಾರೆ. ಬೀದಿಯಲ್ಲಿ ಸುರಿಯುವ ಮಳೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆ ಸ್ವಾತಂತ್ರ್ಯ ಅವರಿಗೆ ಮತ್ತೆ ಹಾಗೆ ಪುಕ್ಕಟೆಯಾಗಿ ದಕ್ಕಲಿಲ್ಲ.

1931ರಲ್ಲಿ ಫಿಲಿಪ್ಸ್ ಕಂಪನಿ ತನ್ನ ಐಂಡ್‌ಹೋವನ್ ರೇಡಿಯೊ ಕಾರ್ಖಾನೆಯ ಮೇಲೆ ಚಿತ್ರ ಮಾಡಿಕೊಡಲು ಅವರನ್ನು ಕರೆಯಿತು. ಕಾರ್ಖಾನೆಯ ಒಳಗೆ ಎಲ್ಲಿ ಬೇಕಾದರೂ ಹೋಗಬಹುದಿತ್ತು. ಕಾರ್ಮಿಕರ ಮನೆ, ಸಂಸಾರ, ಕೂಲಿಯ ಕಥೆ ಮಾತ್ರ ಚಿತ್ರದ ಹೊರಗೆ. ಆದರೂ ಆ ಚಿತ್ರದಲ್ಲಿ ಮರೆಯಲಾಗದ್ದು ರೇಡಿಯೊ ಅಲ್ಲ, ವಾಲ್ವಿಗೆ ಗಾಜು ಊದುವವನ ಮುಖ. ಕೊಳವೆಗೆ ಬಾಯಿಟ್ಟು ಊದುವಾಗ ಎರಡೂ ಕೆನ್ನೆ ಚೆಂಡಿನಂತೆ ಉಬ್ಬಿ, ಚರ್ಮ ತೆಳುವಾಗಿ ಹೊಳೆಯುತ್ತದೆ. ಕಂಪನಿಗೆ ಅದು ಕುಶಲತೆಯ ಜಾಹೀರಾತು. ನೋಡುವವನಿಗೆ ಒಂದು ದೇಹ ಸವೆಯುವ ಬಗೆ. ಕೊಟ್ಟ ಅನುಮತಿಯ ಗೆರೆಯೊಳಗೇ ನಿಂತು, ಅನುಮತಿ ಕೊಟ್ಟವನು ಕಾಣದ್ದನ್ನು ತೋರಿಸುವ ಕಲೆ ಇದು. ಸಮುದ್ರಕ್ಕೆ ಒಡ್ಡು ಕಟ್ಟಿ ನೆಲ ಗೆದ್ದ ಝೌಡರ್‌ಝೀ ಯೋಜನೆಯನ್ನು ಅವರು ಕಟ್ಟಡ ಕಾರ್ಮಿಕರ ಸಂಘಕ್ಕಾಗಿ ವರ್ಷಗಟ್ಟಲೆ ಚಿತ್ರೀಕರಿಸಿದ್ದರು. ಅದೇ ಸರಕಿನಿಂದ ಹುಟ್ಟಿದ 'ಹೊಸ ನೆಲ'ಕ್ಕೆ ತಾವೇ ಒಂದು ಕೊನೆಯ ಭಾಗ ಸೇರಿಸಿದರು: ಅಷ್ಟು ಕಷ್ಟಪಟ್ಟು ನೆಲ ಮಾಡಿ ಬೆಳೆಯುವ ಗೋಧಿ, ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿದ ಕಾರಣಕ್ಕೆ ನೀರುಪಾಲಾಗುತ್ತದೆ. ಯಾರೂ ಕೇಳದಿದ್ದ ಆ ಕೆಲವು ನಿಮಿಷಗಳಿಂದಲೇ ಆ ಚಿತ್ರ ಇವತ್ತೂ ಉಳಿದಿದೆ.

ಅನುಮತಿಯೇ ಇಲ್ಲದೆ ಮಾಡಿದ ಮೊದಲ ದೊಡ್ಡ ಕೆಲಸ 'ಬೋರಿನಾಜ್'. ಬೆಲ್ಜಿಯಂನ ಈ ಕಲ್ಲಿದ್ದಲು ಸೀಮೆಯಲ್ಲಿ 1932ರಲ್ಲಿ ದೊಡ್ಡ ಮುಷ್ಕರ ನಡೆದು ಸೋತಿತ್ತು. ಕೆಲಸ ಕಳೆದುಕೊಂಡವರನ್ನು ಕಂಪನಿಯ ಮನೆಗಳಿಂದ ಹೊರಹಾಕುತ್ತಿದ್ದರು. ಮರುವರ್ಷ ಬೆಲ್ಜಿಯಂನ ಚಿತ್ರಕಾರ ಹೆನ್ರಿ ಸ್ಟಾರ್ಕ್ ಜೊತೆಗೂಡಲು ಕರೆದಾಗ ಈವೆನ್ಸ್ ಬಂದರು. ಪೊಲೀಸರ ಕಣ್ಣು ತಪ್ಪಿಸಿ, ಗಣಿ ಕಾರ್ಮಿಕರ ಮನೆಗಳಲ್ಲೇ ಉಳಿದು ಚಿತ್ರೀಕರಿಸಿದರು. ಅಲ್ಲೊಂದು ದೃಶ್ಯವಿದೆ: ಸಾಲಕ್ಕೆ ಸಾಮಾನು ಜಪ್ತಿ ಮಾಡಲು ಅಮೀನ ಬರುತ್ತಾನೆ, ನೆರೆಹೊರೆಯ ಗಣಿಗಾರರು ಒಳಗೆ ನುಗ್ಗಿ ಕುರ್ಚಿ, ಮಂಚ, ಮೇಜಿನ ಮೇಲೆ ಸುಮ್ಮನೆ ಕೂತುಬಿಡುತ್ತಾರೆ. ಕೂತವರನ್ನು ಎಬ್ಬಿಸದೆ ಸಾಮಾನು ಎತ್ತುವಂತಿಲ್ಲ. ಇನ್ನೊಂದು ಕಡೆ, ಮಾರ್ಕ್ಸ್‌ನ ಚಿತ್ರ ಹೊತ್ತ ಹಿಂದಿನ ಮೆರವಣಿಗೆಯೊಂದನ್ನು ಕ್ಯಾಮೆರಾಕ್ಕಾಗಿ ಮತ್ತೆ ನಡೆಸಲು ಹೊರಟರೆ ಬೀದಿಯ ಜನ ಅದನ್ನು ನಿಜವೆಂದೇ ಬಗೆದು ಸೇರಿಕೊಂಡರು, ಪೊಲೀಸರೂ ನಿಜವಾಗಿಯೇ ಬಂದರು. ಬಡವನ ಮನೆಯ ಕಿಟಕಿಯ ನೆರಳು ಎಂಜಲು ತಟ್ಟೆಗಳ ಮೇಲೆ ಚೆಂದವಾಗಿ ಬಿದ್ದಾಗ, ಆ ಚೆಂದ ಬಡತನವನ್ನು ಮುಚ್ಚುತ್ತದೆ ಎಂದು ಈವೆನ್ಸ್ ಬೆಳಕನ್ನೇ ಕೆಡಿಸಿದರು. 'ಮಳೆ'ಯಂಥ ಸೊಗಸಿನ ಚಿತ್ರ ಮಾಡಿದ ಕೈ ಇದೇ ಎಂದರೆ ನಂಬುವುದು ಕಷ್ಟ. ಚಿತ್ರ ಹೊರಬಂದಾಗ ಸಾರ್ವಜನಿಕ ಪ್ರದರ್ಶನಕ್ಕೆ ಅಡ್ಡಿಯಾಯಿತು. ಮತ್ತೆ ಸಂಘಗಳ ಕೋಣೆಗಳೇ ಗತಿ.

ಇಲ್ಲಿ ಒಂದು ಆಕ್ಷೇಪ ಸಹಜ. ಮೆರವಣಿಗೆಯನ್ನು ಮತ್ತೆ ನಡೆಸಿದರೆ ಅದು ಸಾಕ್ಷ್ಯ ಹೇಗಾದೀತು? ಆಗಿನ ಕ್ಯಾಮೆರಾ ಭಾರ, ಫಿಲ್ಮಿನ ವೇಗ ಕಡಿಮೆ, ಧ್ವನಿಯನ್ನು ಜೊತೆಯಲ್ಲೇ ಹಿಡಿಯುವುದು ಬಯಲಿನಲ್ಲಿ ಬಹಳ ಕಷ್ಟ. ಅಮೆರಿಕದ ಸಾಕ್ಷ್ಯಚಿತ್ರಕಾರ ಫ್ಲಾಹರ್ಟಿಯಿಂದ ಹಿಡಿದು ಆ ಕಾಲದ ಹಲವರು ನಡೆದದ್ದನ್ನು ನಡೆದವರಿಂದಲೇ ಮತ್ತೆ ಮಾಡಿಸುತ್ತಿದ್ದರು. ಈ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ, ಒಪ್ಪುತ್ತೇನೆ. ಆದರೆ ಮರುನಟನೆಯಲ್ಲೂ ಎರಡು ಬಗೆ. ಅನುಭವಿಸಿದವನೇ ತನ್ನ ಅನುಭವವನ್ನು ಮತ್ತೆ ಆಡಿ ತೋರಿಸುವುದು ಒಂದು. ಆಳುವವನು ತನಗೆ ಬೇಕಾದ್ದನ್ನು ಜನರಿಂದ ಆಡಿಸುವುದು ಇನ್ನೊಂದು. ಇವೆರಡರ ಅಂತರ ಮುಂದೆ ಚೀನಾದಲ್ಲಿ ಈವೆನ್ಸ್‌ಗೇ ಎದುರಾಯಿತು.

1937ರ 'ಸ್ಪ್ಯಾನಿಷ್ ಅರ್ತ್' ಅವರ ಅತ್ಯಂತ ಪ್ರಸಿದ್ಧ ಚಿತ್ರ. ಅದರ ಬಗ್ಗೆ ಸಾಕಷ್ಟು ಬರೆದಾಗಿದೆ. ಹೆಮಿಂಗ್ವೆ ವ್ಯಾಖ್ಯಾನ ಬರೆದು ತಾವೇ ಓದಿದರು, ಅಮೆರಿಕದ ಬರಹಗಾರರು ಹಣ ಕೂಡಿಸಿದರು, ಶ್ವೇತಭವನದಲ್ಲಿ ರೂಸ್‌ವೆಲ್ಟ್ ದಂಪತಿಗೆ ತೋರಿಸಲಾಯಿತು. ಫ್ವೆಂತಿದ್ವೆಞ ಎಂಬ ಹಳ್ಳಿಯ ರೈತರು ಒಣನೆಲಕ್ಕೆ ಕಾಲುವೆ ತೆಗೆದು ನೀರು ಹಾಯಿಸುವ ಕಥೆಯನ್ನು ಮ್ಯಾಡ್ರಿಡ್ ರಕ್ಷಣೆಯ ಯುದ್ಧದ ಜೊತೆ ಹೆಣೆದದ್ದು ಅದರ ಹೆಚ್ಚುಗಾರಿಕೆ. ನನ್ನ ವಾದಕ್ಕೆ ಹೆಚ್ಚು ಬೇಕಾದದ್ದು ಮರುವರ್ಷದ ಚೀನಾ. ಜಪಾನಿನ ದಾಳಿಯ ಮೇಲೆ '400 ಮಿಲಿಯನ್' ಮಾಡಲು ಈವೆನ್ಸ್, ಜಾನ್ ಫರ್ನ್‌ಹೌಟ್ ಮತ್ತು ಛಾಯಾಗ್ರಾಹಕ ರಾಬರ್ಟ್ ಕಾಪಾ ಹೋದರು. ಬಾಗಿಲು ತೆರೆದದ್ದು ಚಿಯಾಂಗ್ ಕೈ-ಶೇಕ್ ಸರ್ಕಾರ. ಆ ಬಾಗಿಲಲ್ಲಿ ಕಾವಲೂ ಇತ್ತು. ಜೊತೆಗೆ ಸದಾ ಅಧಿಕಾರಿಗಳು, ಪ್ರತಿ ಹೆಜ್ಜೆಗೂ ತಪಾಸಣೆ. ಕಮ್ಯುನಿಸ್ಟರ ಎಂಟನೇ ಮಾರ್ಗದ ಸೈನ್ಯವನ್ನು ಚಿತ್ರಿಸಲು ಯೆನಾನ್‌ಗೆ ಹೋಗುವ ಆಸೆ ಷಿಯಾನ್‌ನಲ್ಲೇ ಮುರಿದುಬಿತ್ತು. ತೈಯರ್‌ಜ್ವಾಂಗ್ ಯುದ್ಧದ ಒಳ್ಳೆಯ ತುಣುಕುಗಳಿದ್ದರೂ ಇಡೀ ಚಿತ್ರ ಕಟ್ಟಿಹಾಕಿದ ಹಾಗಿದೆ. ಹೊರಡುವಾಗ ಈವೆನ್ಸ್ ತಮ್ಮ ಕೈ ಕ್ಯಾಮೆರಾ, ಒಂದು ಐಮೊ, ಮತ್ತು ಉಳಿದ ಫಿಲ್ಮನ್ನು ಗುಟ್ಟಾಗಿ ಕಮ್ಯುನಿಸ್ಟರಿಗೆ ದಾಟಿಸಿದರು. ಯೆನಾನ್‌ನ ಮೊದಲ ಚಿತ್ರತಂಡ ಕೆಲಸ ಮಾಡಿದ್ದು ಆ ಕ್ಯಾಮೆರಾದಿಂದ. ಈಗ ಅದು ಬೀಜಿಂಗ್‌ನ ವಸ್ತುಸಂಗ್ರಹಾಲಯದಲ್ಲಿದೆ. ಮೂರು ದಶಕ ಕಳೆದ ಮೇಲೆ ಚೀನಾ ಅವರಿಗೆ ತೆರೆದ ಬಾಗಿಲಿನ ಬೀಗದ ಕೈ ಅದೇ ಆಯಿತು.

ಈಗ ಸಿಡ್ನಿಗೆ ಬರೋಣ. 1944ರಲ್ಲಿ ಡಚ್ ಸರ್ಕಾರ ಈವೆನ್ಸ್‌ಗೆ ಹುದ್ದೆ ಕೊಟ್ಟದ್ದು, ಜಪಾನಿನಿಂದ ಇಂಡೋನೇಷ್ಯಾ ಬಿಡುಗಡೆಯಾಗುವುದನ್ನು ಚಿತ್ರಿಸಲಿ ಎಂದು. ಹೊಸ ಬಗೆಯ, ಪ್ರಜಾಪ್ರಭುತ್ವದ ಸಂಬಂಧ ಬೆಳೆಯುತ್ತದೆ ಎಂಬ ಭರವಸೆಯ ಮೇಲೆ ಅವರು ಒಪ್ಪಿದ್ದರು. 1945ರ ಆಗಸ್ಟ್ 17ರಂದು ಸುಕರ್ನೊ ಮತ್ತು ಹತ್ತಾ ಸ್ವಾತಂತ್ರ್ಯ ಸಾರಿದರು. ಡಚ್ಚರು ಆಸ್ಟ್ರೇಲಿಯಾದ ಬಂದರುಗಳಿಂದ ಹಡಗುಗಳಲ್ಲಿ ಸೈನಿಕರನ್ನೂ ಸಾಮಗ್ರಿಯನ್ನೂ ಹೇರಿ ಹಿಂದಿರುಗಲು ಸಜ್ಜಾದರು. ಇಂಡೋನೇಷ್ಯಾದ ನಾವಿಕರು ಹಡಗು ಬಿಟ್ಟಿಳಿದರು. ಆಸ್ಟ್ರೇಲಿಯಾದ ಬಂದರು ಕಾರ್ಮಿಕರ ಒಕ್ಕೂಟ ಡಚ್ ಹಡಗುಗಳಿಗೆ ಸರಕು ತುಂಬುವುದಿಲ್ಲ ಎಂದಿತು. ಬದಲಿಗೆ ಹಡಗು ಓಡಿಸಲು ತಂದದ್ದು ನಮ್ಮವರನ್ನು, ಬ್ರಿಟಿಷರ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ನಾವಿಕರನ್ನು. ಅವರಿಗೂ ಸಂಗತಿ ತಿಳಿಯಿತು, ಅವರೂ ಇಳಿದರು. ಇದೇ ತಿಂಗಳುಗಳಲ್ಲಿ ಬ್ರಿಟಿಷರು ಜಾವಾಕ್ಕೆ ಕಳಿಸಿದ ಸೈನ್ಯದಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳೇ ಇದ್ದು, ನವೆಂಬರ್‌ನಲ್ಲಿ ಸುರಬಾಯದ ಬೀದಿಗಳಲ್ಲಿ ಇಂಡೋನೇಷ್ಯನ್ನರ ಎದುರು ಕಾದಾಡುತ್ತಿದ್ದರು. ಸಿಪಾಯಿಗೆ ಇಲ್ಲವೆನ್ನುವ ದಾರಿಯಿರಲಿಲ್ಲ, ನಾವಿಕ ಇಲ್ಲವೆಂದ. ನಮ್ಮ ಸ್ವಾತಂತ್ರ್ಯ ಚಳವಳಿಯ ಪುಸ್ತಕಗಳು 1946ರ ನೌಕಾಪಡೆಯ ಬಂಡಾಯಕ್ಕೆ ಒಂದು ಅಧ್ಯಾಯ ಕೊಟ್ಟರೂ ಸಿಡ್ನಿಯ ಈ ನಾವಿಕರಿಗೆ ಒಂದು ಸಾಲು ಕೊಡುವುದೂ ಅಪರೂಪ.

ಹೀಗೆ ಭರವಸೆ ಸುಳ್ಳಾಗಿ ಹುದ್ದೆ ಬಿಟ್ಟ ಈವೆನ್ಸ್ ಬಳಿ ಅನುಮತಿಯೂ ಇರಲಿಲ್ಲ, ಹಣವೂ ಇರಲಿಲ್ಲ. ಎರವಲು ಕ್ಯಾಮೆರಾ, ಅಲ್ಲಿಲ್ಲಿ ಉಳಿದ ಫಿಲ್ಮು, ಬೆನ್ನಿಗೆ ಕಾರ್ಮಿಕ ಸಂಘಗಳು. ಕ್ಯಾಮೆರಾ ಬಹುಪಾಲು ಮೇರಿಯನ್ ಮಿಶೆಲ್ ಕೈಯಲ್ಲಿತ್ತು. ವ್ಯಾಖ್ಯಾನಕ್ಕೆ ಧ್ವನಿ ಕೊಟ್ಟದ್ದು ಮುಂದೆ ದೊಡ್ಡ ನಟನಾದ ಪೀಟರ್ ಫಿಂಚ್. ಸುಮಾರು 22 ನಿಮಿಷದ 'ಇಂಡೋನೇಷ್ಯಾ ಕಾಲಿಂಗ್' 1946ರಲ್ಲಿ ಸಿದ್ಧವಾಯಿತು. ಅದರ ಜೀವ ಒಂದು ಬೆನ್ನಟ್ಟುವ ದೃಶ್ಯ. ಪಾತ್ರಾಸ್ ಎಂಬ ಹಡಗು ಭಾರತೀಯ ಸಿಬ್ಬಂದಿಯೊಂದಿಗೆ ಸಿಡ್ನಿ ಬಂದರನ್ನು ಬಿಟ್ಟು ಹೊರಡುತ್ತದೆ. ಮುಷ್ಕರನಿರತರು ತುಂಬಿದ ಮೋಟಾರು ದೋಣಿ ಅದರ ಪಕ್ಕಕ್ಕೆ ಧಾವಿಸಿ, ಧ್ವನಿವರ್ಧಕದಲ್ಲಿ ಅವರದೇ ಭಾಷೆಯಲ್ಲಿ ಕೂಗಿ ಹೇಳುತ್ತದೆ. ದೈತ್ಯ ಹಡಗಿನ ಪಕ್ಕ ಆ ದೋಣಿ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಕೂಗು ತಲುಪಿತೋ ಇಲ್ಲವೋ ಎಂದುಕೊಳ್ಳುವಷ್ಟರಲ್ಲಿ ಹಡಗು ನಿಲ್ಲುತ್ತದೆ, ಸಿಬ್ಬಂದಿ ಮರಳುತ್ತಾರೆ. ಈ ದೃಶ್ಯವೂ ನಡೆದ ಮೇಲೆ ಮತ್ತೆ ಮಾಡಿಸಿದ್ದೇ, ಬೋರಿನಾಜ್‌ನ ಮೆರವಣಿಗೆಯ ಹಾಗೆ. ಇಲ್ಲಿ ಮಾಡಿಸಲು ಸರ್ಕಾರವಿರಲಿಲ್ಲ. ಬಂದರಿನಲ್ಲಿ ಹಡಗು ತಡೆದ ಜನರ ಜೊತೆಗೂಡಿ ಕಟ್ಟಿದ ದೃಶ್ಯವದು.

ಈ ಚಿತ್ರಕ್ಕೆ ಆಸ್ಟ್ರೇಲಿಯಾ ಮೊದಲು ರಫ್ತು ನಿಷೇಧ ಹೇರಿ ಆಮೇಲೆ ತೆರವು ಮಾಡಿತು. ಡಚ್ ಸರ್ಕಾರ ಅಷ್ಟು ಸುಲಭವಾಗಿ ಮರೆಯಲಿಲ್ಲ. ಪಾಸ್‌ಪೋರ್ಟನ್ನು ಮೂರು ಮೂರು ತಿಂಗಳಿಗೆ ಮಾತ್ರ ನವೀಕರಿಸಿ ಸತಾಯಿಸಿತು. ಈವೆನ್ಸ್‌ಗೆ ತಾಯ್ನಾಡಿಗೇ ಪ್ರವೇಶವಿರಲಿಲ್ಲ ಎಂಬ ಕಥೆ ಇದರಿಂದ ಬೆಳೆದದ್ದು. ಅದು ಉತ್ಪ್ರೇಕ್ಷೆ, ಅಂಥ ಗಡೀಪಾರು ಆದೇಶ ಇರಲಿಲ್ಲ. ಆದರೆ ಪಾಸ್‌ಪೋರ್ಟಿನ ಅವಧಿಯೇ ಜೀವನದ ಅವಧಿಯಾದವನಿಗೆ ಯಾವ ದೇಶ ನೆಲೆ ಕೊಡುತ್ತದೋ ಆ ದೇಶದ ಹಂಗು ಹೆಚ್ಚುತ್ತದೆ. ಐವತ್ತರ ದಶಕವನ್ನು ಈವೆನ್ಸ್ ಬಹುಪಾಲು ಪೂರ್ವ ಯುರೋಪಿನಲ್ಲಿ ಕಳೆದರು. ಸಂಭ್ರಮದ ಯೋಜನೆಗಳಿಗೆ ಕೊರತೆಯಿರಲಿಲ್ಲ. 1954ರ 'ನದಿಗಳ ಹಾಡು' ಗಂಗೆ, ನೈಲ್, ಮಿಸಿಸಿಪ್ಪಿ, ಅಮೆಜಾನ್, ವೋಲ್ಗಾ, ಯಾಂಗ್‌ತ್ಸೆ ಈ ಆರು ನದಿಗಳ ದಡದ ದುಡಿಮೆಯನ್ನು ಒಂದಾಗಿಸಲು ಹೊರಟಿತು. ಸಂಗೀತ ಶೊಸ್ತಕೋವಿಚ್‌ದು, ಸಾಹಿತ್ಯ ಬ್ರೆಕ್ಟ್‌ದು, ಹಾಡಿದ್ದು ಪಾಲ್ ರಾಬ್ಸನ್. ಇವರಿಗಿಂತ ದೊಡ್ಡ ಹೆಸರುಗಳು ಬೇಕೆ? ಆದರೂ ಚಿತ್ರ ಭಾರವಾಗಿ ಕೂತಿದೆ. ನಾನಾ ದೇಶಗಳ ಛಾಯಾಗ್ರಾಹಕರು ಕಳಿಸಿದ ತುಣುಕುಗಳನ್ನು ಬರ್ಲಿನ್‌ನಲ್ಲಿ ಕೂತು ಜೋಡಿಸಿದ್ದು ಅದು. ಗಂಗೆಯೂ ಅಮೆಜಾನೂ ಒಂದೇ ಘೋಷಣೆಗೆ ಹಿನ್ನೆಲೆಯಾಗುತ್ತವೆ. ಅಂತರರಾಷ್ಟ್ರೀಯ ಎನ್ನಬಹುದಾದ ಎಲ್ಲವೂ ಅದರಲ್ಲಿದೆ; ಯಾವುದೊಂದು ಊರೂ ಇಲ್ಲ.

ಪಶ್ಚಿಮದ ಬಾಗಿಲುಗಳು ಇದಕ್ಕಿಂತ ಉದಾರವಾಗಿದ್ದವೇ? ಇಟಲಿಯ ಸರ್ಕಾರಿ ತೈಲ ಸಂಸ್ಥೆಯ ಮುಖ್ಯಸ್ಥ ಎನ್ರಿಕೊ ಮತ್ತೇಯಿಗಾಗಿ ಮಾಡಿದ 'ಇಟಲಿ ಬಡ ದೇಶವಲ್ಲ' ಚಿತ್ರದಲ್ಲಿ ದಕ್ಷಿಣದ ಬಡತನ ಎದ್ದು ಕಂಡದ್ದೇ ತಡ, ಅಲ್ಲಿನ ಸರ್ಕಾರಿ ಟಿ.ವಿ. 1960ರಲ್ಲಿ ಅದನ್ನು ಕತ್ತರಿಸಿ ತೋರಿಸಿತು. ಕತ್ತರಿಸದ ಪ್ರತಿ ಉಳಿದದ್ದು ಸಹಾಯಕ ಟಿಂಟೊ ಬ್ರಾಸ್ ಅದನ್ನು ದೇಶದಿಂದಾಚೆ ಸಾಗಿಸಿದ್ದರಿಂದ. ಅಂದರೆ ಅನುಮತಿಯ ಕಟ್ಟುಪಾಡು ಕಮ್ಯುನಿಸ್ಟ್ ದೇಶಗಳ ಸ್ವತ್ತೇನೂ ಅಲ್ಲ. ಇದೇ ಅವಧಿಯಲ್ಲಿ ಫ್ರೆಂಚ್ ಕವಿ ಪ್ರೆವೇರ್‌ನ ಪದ್ಯದೊಂದಿಗೆ ಬಂದ ಸೇನ್ ನದಿಯ ಚಿತ್ರಕ್ಕೆ ಕಾನ್‌ನಲ್ಲಿ ಬಹುಮಾನ ಬಂತು, ಕ್ರಿಸ್ ಮಾರ್ಕರ್ ವ್ಯಾಖ್ಯಾನ ಬರೆದ 'ವಾಲ್ಪರೈಸೊ' 1963ರಲ್ಲಿ ಬಂತು. ಎರಡೂ ಬೀದಿ ಮತ್ತು ಮೆಟ್ಟಿಲುಗಳ ಚಿತ್ರಗಳು, 'ಮಳೆ'ಯ ಸೋದರರು.

ನನ್ನ ವಾದಕ್ಕೆ ಗಟ್ಟಿ ಪೆಟ್ಟು ಕೊಡಬಲ್ಲ ಚಿತ್ರವೊಂದಿದೆ: 1968ರ '17ನೇ ಅಕ್ಷಾಂಶ'. ಉತ್ತರ ವಿಯೆಟ್ನಾಂ ಸರ್ಕಾರದ ಪೂರ್ಣ ಅನುಮತಿ, ಬೆಂಬಲ ಎರಡೂ ಇದ್ದವು. ಆದರೂ ಅದು ಅವರ ಶ್ರೇಷ್ಠ ಚಿತ್ರಗಳಲ್ಲಿ ಒಂದು. ಆಶ್ವಿಟ್ಸ್‌ನಿಂದ ಬದುಕಿಬಂದಿದ್ದ ಮಾರ್ಸೆಲಿನ್ ಲೊರಿದಾನ್ ಅವರೊಂದಿಗೆ ಈವೆನ್ಸ್ ವಿನ್ ಲಿನ್ ಪ್ರದೇಶದ ರೈತರ ನಡುವೆ, ಬಾಂಬುಗಳ ಕೆಳಗೆ, ನೆಲದಡಿಯ ಸುರಂಗಗಳಲ್ಲಿ ತಿಂಗಳುಗಟ್ಟಲೆ ಬದುಕಿದರು. ಆಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅನುಮತಿ ಕೊಟ್ಟವನ ನೆರಳು ಇಲ್ಲಿ ಯಾಕೆ ಬೀಳಲಿಲ್ಲ? ನನ್ನ ಉತ್ತರ ಇಷ್ಟೆ: ಬಾಂಬು ಬೀಳುವ ಕಡೆ ತಾಲೀಮು ಮಾಡಿಸಲು ಅಧಿಕಾರಿಗೆ ಪುರಸೊತ್ತು ಇರುವುದಿಲ್ಲ. ಜೊತೆಯಲ್ಲಿ ಧ್ವನಿ ಹಿಡಿಯುವ ಹಗುರ ಉಪಕರಣವೂ ಅಷ್ಟರಲ್ಲಿ ಬಂದಿತ್ತು. ಲೊರಿದಾನ್ ಧ್ವನಿಗ್ರಹಣ ನೋಡಿಕೊಂಡದ್ದರಿಂದ ಜನ ತಮ್ಮ ಬಾಯಿಂದಲೇ ಮಾತಾಡಿದರು. ಬಾಗಿಲು ತೆರೆದವರು ಹನೋಯ್‌ನಲ್ಲಿದ್ದರು, ಕ್ಯಾಮೆರಾ ಸುರಂಗದಲ್ಲಿತ್ತು.

ಆ ದೂರ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 'ಯುಕಾಂಗ್ ಬೆಟ್ಟಗಳನ್ನು ಸರಿಸಿದ ಬಗೆ' ಸಾಕ್ಷಿ. 1971ರಲ್ಲಿ ಚೀನಾದ ಪ್ರಧಾನಿ ಚೌ ಎನ್-ಲಾಯ್ ಅವರೇ ಈವೆನ್ಸ್ ಮತ್ತು ಲೊರಿದಾನ್‌ಗೆ ಸಾಂಸ್ಕೃತಿಕ ಕ್ರಾಂತಿಯ ಚೀನಾವನ್ನು ಚಿತ್ರಿಸಲು ಹೇಳಿದರು. ಹನ್ನೆರಡು ಚಿತ್ರಗಳು, ಒಟ್ಟು ಸುಮಾರು 12 ಗಂಟೆ, 1976ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ತೆರೆಕಂಡವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಾವೊ ತೀರಿಕೊಂಡರು, ಅಕ್ಟೋಬರ್‌ನಲ್ಲಿ ಆ ಕ್ರಾಂತಿಯ ಮುಂದಾಳುಗಳಾದ ನಾಲ್ವರ ಕೂಟ ಸೆರೆಯಾಯಿತು, ಸಾಂಸ್ಕೃತಿಕ ಕ್ರಾಂತಿಯ ಹಿಂಸೆ ಹೊರಬಿತ್ತು. ಶಾಂಘೈನ ಔಷಧದಂಗಡಿಯ ಚಿತ್ರದಲ್ಲಿ ಸಿಬ್ಬಂದಿ ಗಿರಾಕಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ವಾದಿಸುವುದನ್ನು, ಚೆಂಡಿನ ಜಗಳದಲ್ಲಿ ಶಾಲಾಮಕ್ಕಳೂ ಶಿಕ್ಷಕಿಯೂ ಮುಖಾಮುಖಿಯಾಗುವುದನ್ನು ಇವತ್ತಿಗೂ ಕುತೂಹಲದಿಂದ ನೋಡಬಹುದು. ಆದರೆ ಹೆದರಿದ ಮುಖ ಒಂದೂ ಕಾಣದು. ಷಿಂಜಿಯಾಂಗ್‌ನಲ್ಲಂತೂ ಅಧಿಕಾರಿಗಳು ತಮಗೆ ಬೇಕಾದ ಹಾಗೆ ದೃಶ್ಯಗಳನ್ನು ಸಜ್ಜುಮಾಡಿಟ್ಟಿದ್ದರು. ಆಳುವವನು ಆಡಿಸುವ ನಾಟಕ ಅದು. ಇದೇ ಚೀನಾ 1972ರಲ್ಲಿ ಇಟಲಿಯ ನಿರ್ದೇಶಕ ಆಂಟೋನಿಯೋನಿಯನ್ನೂ ಚಿತ್ರ ಮಾಡಲು ಕರೆಸಿತ್ತು. ಆತ ಗೊತ್ತುಗುರಿಯಿಲ್ಲದೆ ಬೀದಿಯ ಮುಖಗಳನ್ನು ನೋಡಿದ. 1974ರ ಜನವರಿಯಲ್ಲಿ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿ ಅವನ ಮೇಲೆ ಮುಗಿಬಿತ್ತು. ಆಂಟೋನಿಯೋನಿ ಈವೆನ್ಸ್‌ಗಿಂತ ಚೀನಾವನ್ನು ಬಲ್ಲವನೇನೂ ಅಲ್ಲ. ಋಣವಿಲ್ಲದವನು, ಅಷ್ಟೆ.

ಜೀವನಚರಿತ್ರೆ ಬರೆದ ಹಾನ್ಸ್ ಸ್ಕೂಟ್ಸ್ ಅವರಂಥ ವಿಮರ್ಶಕರು ಇಲ್ಲಿ ಕೇಳುತ್ತಾರೆ: ಇದು ಅನುಮತಿಯ ಮಾತೇ ಅಲ್ಲ, ಆತನ ರಾಜಕೀಯ ಕುರುಡಲ್ಲವೇ? ಕುರುಡು ಇತ್ತು, 1932ರಲ್ಲಿ ಮ್ಯಾಗ್ನಿಟೊಗೊರ್ಸ್ಕ್‌ನ ಉಕ್ಕಿನ ಕುಲುಮೆಗಳನ್ನು ಹಾಡಿ ಹೊಗಳಿದ 'ಕೊಮ್ಸೊಮೊಲ್' ಚಿತ್ರ ಅಲ್ಲಿ ಬಲವಂತದಿಂದ ದುಡಿದವರನ್ನು ತೋರಿಸಲಿಲ್ಲ. ಆದರೆ ಅದೇ ಕಣ್ಣು ಮರುವರ್ಷ ಬೋರಿನಾಜ್‌ನಲ್ಲಿ ಎಂಜಲು ತಟ್ಟೆಯ ಮೇಲಿನ ನೆರಳನ್ನೂ ಬಿಡದೆ ನೋಡಿತು. ಒಂದೇ ವರ್ಷದಲ್ಲಿ ಒಬ್ಬನ ಸಿದ್ಧಾಂತ ಬದಲಾಗುವುದಿಲ್ಲ. ಮ್ಯಾಗ್ನಿಟೊಗೊರ್ಸ್ಕ್‌ನಲ್ಲಿ ಆತ ಸರ್ಕಾರದ ಅತಿಥಿ, ಬೋರಿನಾಜ್‌ನಲ್ಲಿ ಗಣಿಗಾರರ ಅತಿಥಿ. ಅತಿಥಿಯಾದವನು ಉಂಡ ಮನೆಯ ದೋಷ ಎತ್ತಲಾರ. ಇದು ಕ್ಷಮೆಯಲ್ಲ, ವಿವರಣೆ. ಹೊಣೆ ಈವೆನ್ಸ್‌ದೇ; ಯಾರ ಮನೆಯಲ್ಲಿ ಉಣ್ಣಬೇಕೆಂದು ಆರಿಸಿಕೊಂಡವರು ಅವರೇ ತಾನೆ.

ಈ ಋಣದ ಸಂಗತಿ ಅವರಿಗೂ ಕೊನೆಗೆ ಹೊಳೆದಿರಬೇಕು. 1988ರ 'ಗಾಳಿಯ ಕಥೆ'ಯಲ್ಲಿ, ತೊಂಬತ್ತರ ಅಂಚಿನ ಆಸ್ತಮಾ ರೋಗಿ ಈವೆನ್ಸ್ ಚೀನಾದ ಮರುಭೂಮಿಯಲ್ಲಿ ಕುರ್ಚಿ ಹಾಕಿಕೊಂಡು ಗಾಳಿಗಾಗಿ ಕಾಯುತ್ತಾರೆ. ನಡುವೆ ಷಿಯಾನ್‌ನ ಮಣ್ಣಿನ ಸೈನಿಕರನ್ನು ಚಿತ್ರೀಕರಿಸಲು ವಸ್ತುಸಂಗ್ರಹಾಲಯದ ಅಧಿಕಾರಿಯೊಂದಿಗೆ ಚೌಕಾಸಿ ನಡೆಯುತ್ತದೆ. ಇಲ್ಲಿಂದ ಮಾತ್ರ, ಇಷ್ಟೇ ಹೊತ್ತು, ಅದಕ್ಕಿಂತ ಹೆಚ್ಚಿಲ್ಲ. ಐವತ್ತು ವರ್ಷ ಹಿಂದೆ ಅವರ ದಾರಿ ಮುಚ್ಚಿದ್ದೂ ಷಿಯಾನ್‌ನಲ್ಲೇ. ಈ ಸಲ ಅವರು ನಿರಾಕರಣೆಯನ್ನೇ ಚಿತ್ರದೊಳಗೆ ಇಟ್ಟರು. ಪ್ರವಾಸಿಗರಿಗೆ ಮಾರುವ ಮಣ್ಣಿನ ಗೊಂಬೆಗಳನ್ನು ಕೊಂಡು ತಂದು, ತಮ್ಮದೇ ಸೈನ್ಯ ನಿಲ್ಲಿಸಿದರು. ಅರವತ್ತು ವರ್ಷದ ವೃತ್ತಿಯಲ್ಲಿ ಬಾಗಿಲು ಕಾಯುವವನನ್ನು ಕ್ಯಾಮೆರಾದ ಮುಂದೆ ತಂದದ್ದು ಈ ಚಿತ್ರದಲ್ಲೇ. ಆ ವರ್ಷ ವೆನಿಸ್ ಚಿತ್ರೋತ್ಸವ ಜೀವಮಾನದ ಸಾಧನೆಗೆ ಸ್ವರ್ಣ ಸಿಂಹ ಕೊಟ್ಟಿತು. ಡಚ್ ಸರ್ಕಾರ ಅದಕ್ಕೂ ಮೂರು ವರ್ಷ ಮೊದಲೇ, 1985ರಲ್ಲಿ, ತನ್ನ ಮಂತ್ರಿಯ ಕೈಯಿಂದ ಪ್ರಶಸ್ತಿ ಕೊಡಿಸಿ ಹಳೆಯ ಜಗಳ ಮುಗಿಸಿತ್ತು. ತಿಯನನ್ಮೆನ್ ಚೌಕದಲ್ಲಿ ಗುಂಡು ಹಾರಿ ಇನ್ನೂ ತಿಂಗಳು ತುಂಬಿರದಿದ್ದಾಗ, 1989ರ ಜೂನ್ 28ರಂದು, ಈವೆನ್ಸ್ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಅವರನ್ನು ನೋಡಹೊರಟವರು 'ಯುಕಾಂಗ್'ನಿಂದ ಆರಂಭಿಸುವುದು ಬೇಡ. ಮೊದಲು 'ಗಾಳಿಯ ಕಥೆ' ನೋಡಿ. 'ಯುಕಾಂಗ್'ಗೆ ಬಂದಾಗ ಪಕ್ಕದಲ್ಲಿ ಆಂಟೋನಿಯೋನಿಯ ಚಿತ್ರವನ್ನೂ ಇಟ್ಟುಕೊಳ್ಳಿ.